ಮಾರ್ಗದರ್ಶಕರ ಮಾತಿನಲ್ಲಿ ಸಂಶಯ ಬಂದಾಗ

ಗುರುಗಳ ಮಾತು ಮೀರಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಶಾಲೆಯ ಮಟ್ಟಕ್ಕೆ ಅದು ಸರಿಯೇ. ಆದರೆ ಅದೇ ಮಕ್ಕಳು ಬೆಳೆದು ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೋ ಮಂಗಳಗಂಗೋತ್ರಿಗೋ ಸಂಶೋಧನೆಗೆಂದು ಸೇರಿದಾಗ, ಮಾರ್ಗದರ್ಶಕರು ತೋರಿಸುವ ದಾರಿ ಸರಿಯಿಲ್ಲವೇನೋ ಎಂಬ ಸಂಶಯ ಮೂಡಿದರೆ ಏನು ಮಾಡಬೇಕು? ಅದನ್ನು ಮಾತ್ರ ನಾವು ಹೇಳಿಕೊಟ್ಟಿಲ್ಲ. ಬಾಯಿಮುಚ್ಚಿ ವರ್ಷ ಕಳೆಯುವವರುಂಟು; ಅರ್ಧದಲ್ಲೇ ಬಿಟ್ಟು ಮನೆಗೆ ಮರಳುವವರೂ ಉಂಟು. ಇವೆರಡೂ ಅಲ್ಲದ ದಾರಿಯನ್ನು ಸ್ವೀಡನ್ನಿನ ತರುಣನೊಬ್ಬ ಹಿಂದೆಯೇ ತುಳಿದಿದ್ದಾನೆ.

ಆತನೇ 1859ರಲ್ಲಿ ಜನಿಸಿದ ಸ್ವಾಂಟೆ ಅರ್ಹೇನಿಯಸ್. ಉಪ್ಸಾಲ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಮಾರ್ಗದರ್ಶನ ಆತನಿಗೆ ತೃಪ್ತಿ ಕೊಡಲಿಲ್ಲ. 1881ರಲ್ಲಿ ಸ್ಟಾಕ್‌ಹೋಮಿಗೆ ತೆರಳಿ, ಎರಿಕ್ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಕೆಲಸಕ್ಕೆ ತೊಡಗಿದ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಹರಿಯುವ ಬಗೆಯೇ ಆತನ ವಿಷಯ. ವಿದ್ಯುತ್ತು ಹರಿಸಿದಾಗ ಮಾತ್ರ ಲವಣ ಒಡೆದು ಅಯಾನುಗಳಾಗುತ್ತವೆ ಎಂಬುದು ಅಂದಿನ ನಂಬಿಕೆ. ನೀರಿನಲ್ಲಿ ಕರಗಿದೊಡನೆಯೇ ಅವು ಬೇರ್ಪಡುತ್ತವೆ ಎಂಬ ವಿಚಾರದತ್ತ ಅರ್ಹೇನಿಯಸ್ ಸಾಗಿದ.

1884ರಲ್ಲಿ ಸುಮಾರು 150 ಪುಟಗಳ ಪ್ರಬಂಧವನ್ನು ಉಪ್ಸಾಲಕ್ಕೇ ಒಪ್ಪಿಸಿದಾಗ ದೊರೆತದ್ದು ನಾಲ್ಕನೆಯ ದರ್ಜೆ. ಸಮರ್ಥನೆಯ ಬಳಿಕ ಮೂರನೆಯದು. ಅಧ್ಯಾಪಕ ಹುದ್ದೆಯ ಆಸೆಗೆ ಅದು ಸಾಲದು. ಆತ ಕೊರಗುತ್ತ ಕೂರಲಿಲ್ಲ. ಪ್ರತಿಗಳನ್ನು ಜರ್ಮನಿಯ ಕ್ಲಾಸಿಯಸ್, ಹಾಲೆಂಡಿನ ವಾಂಟ್ ಹಾಫ್, ರೀಗಾದ ಓಸ್ಟ್‌ವಾಲ್ಡ್ ಮೊದಲಾದವರಿಗೆ ಕಳುಹಿಸಿದ. ಓಸ್ಟ್‌ವಾಲ್ಡರು ಸ್ವತಃ ಉಪ್ಸಾಲಕ್ಕೆ ಬಂದು ತಮ್ಮಲ್ಲಿಗೆ ಆಹ್ವಾನಿಸಿದರು. ಸಿದ್ಧಾಂತ 1887ರಲ್ಲಿ ಪೂರ್ಣ ರೂಪ ಪಡೆಯಿತು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವೂ ಬಂತು.

ಹಾಗೆಂದು ಸಂಶಯಪಟ್ಟವರೆಲ್ಲ ಅರ್ಹೇನಿಯಸ್ ಆಗುವುದಿಲ್ಲ. ಆತನ ಸಿದ್ಧಾಂತವೂ ಕುಂದಿಲ್ಲದ್ದಲ್ಲ. ಅಡುಗೆ ಉಪ್ಪಿನಂತಹ ಪ್ರಬಲ ಲವಣಗಳಿಗೆ ಅದರ ಲೆಕ್ಕ ಸರಿಹೊಂದಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅದನ್ನು ತಿದ್ದಬೇಕಾಯಿತು. ಸಂಶಯಕ್ಕೂ ಪುರಾವೆ ಬೇಕೆಂಬುದೇ ಇದರ ತಾತ್ಪರ್ಯ.

ಆದುದರಿಂದ ಸಂಶಯವನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಮಾರ್ಗದರ್ಶಕರ ಸ್ವಭಾವ ಹಿಡಿಸಲಿಲ್ಲವೋ, ಅವರು ಹೇಳಿದ ವಿಧಾನ ತಪ್ಪೆಂದು ಕಾಣುತ್ತದೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಸಣ್ಣ ಪ್ರಯೋಗವನ್ನೋ ದಾಖಲೆಯನ್ನೋ ಮುಂದಿಟ್ಟು ಅವರಲ್ಲೇ ಮೊದಲು ವಿಚಾರಿಸಬೇಕು. ಮತ್ತೂ ಸಮಾಧಾನವಾಗದಿದ್ದರೆ ಬೇರೆ ಬಾಗಿಲುಗಳಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಪ್ರತಿ ಸಂಶೋಧನಾರ್ಥಿಗೂ ಒಂದು ಸಲಹಾ ಸಮಿತಿಯಿರಬೇಕು; ಪ್ರತಿ ಸೆಮಿಸ್ಟರಿನಲ್ಲಿ ಅದರ ಮುಂದೆ ತನ್ನ ಕೆಲಸದ ಪ್ರಗತಿಯನ್ನು ಮಂಡಿಸಬೇಕು. ಇದನ್ನು ಬರಿಯ ಶಾಸ್ತ್ರಕ್ಕೆಂದು ಮುಗಿಸದೆ, ಕೇಳಬೇಕಾದುದನ್ನು ಅಲ್ಲಿ ಕೇಳಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಹೋದ ನಮ್ಮ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಎದುರುಮಾತಾಡಲು ಹಿಂಜರಿದು ಸುಮ್ಮನಾಗುತ್ತಾರೆ. ಆ ಮೌನವನ್ನು ಮಾರ್ಗದರ್ಶಕರು ಒಪ್ಪಿಗೆಯೆಂದು ತಿಳಿಯುತ್ತಾರೆ. ಮುಂದೆ ನಷ್ಟವಾಗುವುದು ವಿದ್ಯಾರ್ಥಿಯ ಮೂರೋ ನಾಲ್ಕೋ ವರ್ಷ. ಇದಕ್ಕೆ ಮದ್ದು ನಮ್ಮ ತರಗತಿಯಲ್ಲೇ ಇದೆ. ಅಯಾನುಗಳ ಪಾಠ ಮಾಡುವ ದಿನ ಹಿಂದಿನ ಬೆಂಚಿನಿಂದ ಯಾರಾದರೂ "ಅದು ಹೇಗೆ ಮಾಷ್ಟ್ರೇ?" ಎಂದರೆ, ಪಾಠ ಮುಗಿಯದಿದ್ದರೂ ಚಿಂತೆಯಿಲ್ಲ, ಚಾಕ್ ಕೆಳಗಿಟ್ಟು ಉತ್ತರಿಸೋಣ.