ಪುಣೆಯ ಕಸ ಮತ್ತು ಹಣ: ಜನರ ನಂಬಿಕೆ, ಲೆಕ್ಕಪತ್ರದ ಸತ್ಯ

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕಾರ್ಯಗಳ ಪಟ್ಟಿಯಿದ್ದು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ಅದರಲ್ಲಿ ಆರನೆಯ ಸ್ಥಾನದಲ್ಲಿದೆ. ಕೆಲಸವನ್ನು ಇಷ್ಟು ಸ್ಪಷ್ಟವಾಗಿ ಹೆಸರಿಸಿದ ಸಂವಿಧಾನ ಅದಕ್ಕೆ ಬೇಕಾದ ಹಣದ ಮೂಲವನ್ನು ಹೆಸರಿಸಲಿಲ್ಲ. ಅದನ್ನು ರಾಜ್ಯ ಶಾಸನಸಭೆಗಳ ವಿವೇಚನೆಗೂ ಹಣಕಾಸು ಆಯೋಗಗಳ ಶಿಫಾರಸಿಗೂ ಬಿಟ್ಟುಕೊಟ್ಟಿತು. ಈ ಅಸ್ಪಷ್ಟತೆಯಲ್ಲಿ ಹಲವು ನಂಬಿಕೆಗಳು ಬೇರೂರಿವೆ. ದಿನಕ್ಕೆ 2000 ಟನ್ನಿಗೂ ಹೆಚ್ಚು ಕಸ ಹುಟ್ಟುವ ಪುಣೆಯನ್ನು ಮುಂದಿಟ್ಟುಕೊಂಡು ಅವುಗಳನ್ನು ಪರೀಕ್ಷಿಸುವುದು ಸೂಕ್ತ, ಏಕೆಂದರೆ ತ್ಯಾಜ್ಯ ಆಯುವವರದೇ ಸಹಕಾರ ಸಂಘದಿಂದ ಹಿಡಿದು ದಿನಕ್ಕೆ ನೂರಾರು ಟನ್ ಕಸ ನುಂಗಬೇಕಾಗಿದ್ದ ಯಂತ್ರಸ್ಥಾವರದವರೆಗೆ, ಭಾರತದ ನಗರಗಳು ಮಾಡಿನೋಡಿದ ಬಹುತೇಕ ಎಲ್ಲ ಪ್ರಯೋಗಗಳೂ ಆ ಒಂದೇ ಊರಿನಲ್ಲಿ ನಡೆದಿವೆ.

“ಆಸ್ತಿ ತೆರಿಗೆ ಕಟ್ಟಿದ ಮೇಲೆ ಕಸದವರಿಗೆ ಪ್ರತ್ಯೇಕ ಹಣವೇಕೆ?”

ಈ ಪ್ರಶ್ನೆಯನ್ನು ಕೇವಲ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಪುಣೆಯ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಸಾಮಾನ್ಯ ಕರ, ಅಗ್ನಿಶಾಮಕ ಕರ, ವೃಕ್ಷ ಕರಗಳ ಸಾಲಿನಲ್ಲಿ ‘ಸಫಾಯಿ ಪಟ್ಟಿ’ ಎಂಬ ಬಾಬ್ತೂ ಇರುವುದರಿಂದ, ಮನೆಬಾಗಿಲಿಗೆ ಬರುವ ಮಹಿಳೆಗೆ ತಿಂಗಳಿಗೊಮ್ಮೆ ಬೇರೆಯಾಗಿ ದುಡ್ಡು ಕೊಡುವಾಗ ಒಂದೇ ಸೇವೆಗೆ ಎರಡು ಬಾರಿ ಹಣ ತೆತ್ತಂತೆ ಅನಿಸುವುದು ಸಹಜ. ಆದರೆ ತೆರಿಗೆಗೂ ಶುಲ್ಕಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ: ತೆರಿಗೆಯು ನಿರ್ದಿಷ್ಟ ಸೇವೆಯೊಂದಕ್ಕೆ ಪ್ರತಿಫಲವಾಗಿ ಸಂದಾಯವಾಗುವುದಲ್ಲ, ರಸ್ತೆ ಗುಡಿಸುವುದರಿಂದ ಹಿಡಿದು ಕಸ ಸಾಗಣೆ, ವಿಲೇವಾರಿಗಳವರೆಗಿನ ಸಾರ್ವಜನಿಕ ಕೆಲಸಗಳಿಗೆ ಅದು ಒಟ್ಟಾಗಿ ಸಲ್ಲುತ್ತದೆ, ಬಳಕೆದಾರ ಶುಲ್ಕವು ಮನೆಯಿಂದ ಕಸವನ್ನು ಸಂಗ್ರಹಿಸುವ ನಿರ್ದಿಷ್ಟ ಸೇವೆಗೆ ಪಡೆದವರು ತೆರುವ ಬೆಲೆ. 2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಹುಟ್ಟಿಸುವ ಪ್ರತಿಯೊಬ್ಬರೂ ಸ್ಥಳೀಯ ಸಂಸ್ಥೆಯ ಉಪವಿಧಿಯಲ್ಲಿ ಗೊತ್ತುಪಡಿಸಿದ ಶುಲ್ಕ ಕೊಡಬೇಕೆಂದು ಸ್ಪಷ್ಟವಾಗಿ ವಿಧಿಸಿದವು.

ಇದೇ ನಂಬಿಕೆಗೆ ಅಂಟಿಕೊಂಡ ಇನ್ನೊಂದು ತಪ್ಪೆಂದರೆ, ಮನೆ ಮನೆಗೆ ಬರುವ ಆ ಮಹಿಳೆ ಪಾಲಿಕೆಯ ಸಂಬಳದ ನೌಕರಳು ಎಂಬುದು. ಮರಾಠವಾಡದ 1972ರ ಬರಗಾಲದ ನಂತರ ಪುಣೆಗೆ ಬಂದು ಕಸದ ತೊಟ್ಟಿಗಳಲ್ಲಿ ಕಾಗದ, ಗಾಜು, ತಗಡು ಆಯ್ದು ಬದುಕಿದ, ಬಹುಪಾಲು ದಲಿತ ಸಮುದಾಯಗಳ ಮಹಿಳೆಯರನ್ನು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಕಾರ್ಮಿಕ ಸಂಘಟನೆ ಒಗ್ಗೂಡಿಸಿತು. ಅದರ ಹಿಂದೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ಕಾರ್ಯಕರ್ತೆಯರ ದುಡಿಮೆಯೂ ಹಮಾಲರ ನಾಯಕ ಬಾಬಾ ಆಢಾವರ ಬೆಂಬಲವೂ ಇದ್ದವು. ಆ ದಶಕದಲ್ಲೇ ಪಾಲಿಕೆಯು ಸಂಘಟನೆಯ ಗುರುತಿನ ಚೀಟಿಗೆ ಮುದ್ರೆಯೊತ್ತಿತು. ಸಂಘಟನೆಯ ಸದಸ್ಯೆಯರೇ ಒಡೆಯರಾದ ‘ಸ್ವಚ್ಛ’ ಸಹಕಾರ ಸಂಘ 2008ರಲ್ಲಿ ಪಾಲಿಕೆಯೊಡನೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು, 2016ರಲ್ಲಿ ಎರಡನೆಯ ಒಪ್ಪಂದವಾಯಿತು. ಈ ಒಪ್ಪಂದಗಳ ಪ್ರಕಾರ ಪಾಲಿಕೆ ಕೂಲಿ ಕೊಡುವುದಿಲ್ಲ. ಸಂಘದ ಮೇಲ್ವಿಚಾರಣಾ ವೆಚ್ಚ, ಕೈಗವಸು ಮೊದಲಾದ ರಕ್ಷಣಾ ಸಾಮಗ್ರಿ, ಕೊಳೆಗೇರಿಯ ಮನೆಗಳ ಪರವಾಗಿ ಒಂದಿಷ್ಟು ಸಹಾಯಧನ, ಇವಿಷ್ಟು ಅದರ ಪಾಲು. ಸದಸ್ಯೆಯರ ಆದಾಯ ಬರುವುದು ಎರಡು ಕಡೆಯಿಂದ: ಮನೆಯವರು ತಿಂಗಳಿಗೆ ಕೊಡುವ, ನೂರು ರೂಪಾಯಿಯೊಳಗಿನ ಶುಲ್ಕ ಮತ್ತು ಒಣ ಕಸದಲ್ಲಿ ಆಯ್ದದ್ದನ್ನು ಗುಜರಿ ಅಂಗಡಿಗೆ ಮಾರಿ ಬಂದ ಹಣ.

ಹೀಗಿರುವಾಗ ಯಾರು ಯಾರಿಗೆ ಸಹಾಯಧನ ಕೊಡುತ್ತಿದ್ದಾರೆ ಎಂಬ ಪ್ರಶ್ನೆ ತಲೆಕೆಳಗಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ 2001ರಲ್ಲಿ ಸಿದ್ಧವಾದ ಅಧ್ಯಯನವೊಂದು, ಪುಣೆಯ ತ್ಯಾಜ್ಯ ಆಯುವ ಪ್ರತಿಯೊಬ್ಬ ವ್ಯಕ್ತಿಯೂ ತಿಂಗಳಿಗೆ 246 ರೂಪಾಯಿ ಮೌಲ್ಯದ ಕೂಲಿಯಿಲ್ಲದ ದುಡಿಮೆಯನ್ನು ನಗರಾಡಳಿತಕ್ಕೆ ಸಲ್ಲಿಸುತ್ತಿದ್ದಾರೆಂದು ಲೆಕ್ಕಹಾಕಿತು. ಆಯ್ದು ತೆಗೆದ ಪ್ರತಿ ಟನ್ ಸಾಮಗ್ರಿಯಿಂದ ಪಾಲಿಕೆಗೆ ಸಾಗಣೆ ವೆಚ್ಚ ಉಳಿಯುತ್ತದೆ, ಆದರೆ ಆ ಉಳಿತಾಯ ಉಳಿಸಿದವರ ಖಾತೆಗೆ ಬರುವುದಿಲ್ಲ. ಸರ್ಕಾರಿ ಕಡತಗಳಲ್ಲಿ ಇವರನ್ನು ‘ಫಲಾನುಭವಿ’ಗಳೆಂದು ಕರೆಯುವ ರೂಢಿ ಈ ಲೆಕ್ಕದ ಮುಂದೆ ತುಸು ವಿಚಿತ್ರವಾಗಿಯೇ ಕಾಣುತ್ತದೆ.

ಬೆಂಗಳೂರು ಹಿಡಿದ ದಾರಿ ಬೇರೆ. ಅಲ್ಲಿ 2025ರ ಏಪ್ರಿಲ್‌ನಿಂದ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ವಾಸದ ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗಿನ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಯಲ್ಲೇ ವಸೂಲು ಮಾಡಲಾಗುತ್ತಿದೆ. ತೆರಿಗೆಯೊಡನೆ ಸೇರಿದ ಶುಲ್ಕವನ್ನು ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಸೇವೆ ಸರಿಯಿಲ್ಲದಿದ್ದರೆ ಪುಣೆಯ ಗೃಹಿಣಿ ಬಾಗಿಲಲ್ಲೇ ಕೇಳಿಬಿಡುವಂತೆ ಕೇಳಲು ಅಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಪುಣೆಯ ಪದ್ಧತಿಗೂ ಅದರದೇ ದೌರ್ಬಲ್ಯವಿದೆ: ಶುಲ್ಕ ಕೊಡದ ಮನೆಯ ನಷ್ಟವನ್ನು ಹೊರುವುದು ಪಾಲಿಕೆಯಲ್ಲ, ಆ ಬೀದಿಯ ಕಸ ಸಂಗ್ರಹಿಸುವ ಮಹಿಳೆ.

“ಹಣವೆಲ್ಲ ದೆಹಲಿಯಿಂದ ಬರುತ್ತದೆ”

ಸ್ವಚ್ಛ ಭಾರತದ ಫಲಕಗಳು ಎಲ್ಲೆಡೆ ಕಾಣುವುದರಿಂದ ಈ ನಂಬಿಕೆ ಬಲವಾಗಿದೆ. 2021ರ ಅಕ್ಟೋಬರ್ 1ರಂದು ಆರಂಭವಾದ ನಗರ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತಕ್ಕೆ ಒಟ್ಟು 1,41,600 ಕೋಟಿ ರೂಪಾಯಿಯ ಅಂದಾಜಿದ್ದು, ಅದರಲ್ಲಿ ಕೇಂದ್ರದ ಪಾಲು 36,465 ಕೋಟಿ ಮಾತ್ರ. ಘನತ್ಯಾಜ್ಯದ ಯೋಜನೆಗಳಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಕೇಂದ್ರದಿಂದ ಶೇ 50ರಷ್ಟು ಸಿಕ್ಕರೆ, ಹತ್ತು ಲಕ್ಷ ದಾಟಿದ ಪುಣೆಯಂಥ ನಗರಕ್ಕೆ ಸಿಗುವುದು ಶೇ 25. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಇದು ಬಂಡವಾಳ ವೆಚ್ಚಕ್ಕೆ, ಎಂದರೆ ಕಟ್ಟಡ, ಯಂತ್ರ, ವಾಹನಗಳನ್ನು ಒಮ್ಮೆ ಹೊಂದಿಸಿಕೊಳ್ಳುವುದಕ್ಕೆ ಸಲ್ಲುವ ಹಣ. ಯಂತ್ರವನ್ನು ದಿನವೂ ನಡೆಸುವ ವಿದ್ಯುತ್ತು, ಕೂಲಿ, ರಿಪೇರಿಗಳ ನಿರ್ವಹಣಾ ವೆಚ್ಚವನ್ನು ನಗರವೇ ಭರಿಸಬೇಕು. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ಹತ್ತು ಲಕ್ಷ ದಾಟಿದ ನಗರಗಳಿಗೆಂದು ಮೀಸಲಿಟ್ಟ 38,196 ಕೋಟಿ ರೂಪಾಯಿಯಲ್ಲಿ 26,057 ಕೋಟಿ ಕುಡಿಯುವ ನೀರು, ನೈರ್ಮಲ್ಯ ಮತ್ತು ಘನತ್ಯಾಜ್ಯ ಮೂರಕ್ಕೂ ಸೇರಿ, ಉಳಿದದ್ದು ಗಾಳಿಯ ಗುಣಮಟ್ಟಕ್ಕೆ. ಎರಡನ್ನೂ ನಗರ ಸಾಧಿಸಿದ ಪ್ರಗತಿಗೆ ಜೋಡಿಸಲಾಗಿತ್ತು.

ನಗರದ ಸ್ವಂತ ಆದಾಯವೂ ಮೊದಲಿನಂತಿಲ್ಲ. ಊರೊಳಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಆಕ್ಟ್ರಾಯ್ 2013ರಲ್ಲಿ ಹೋಗಿ ಸ್ಥಳೀಯ ಸಂಸ್ಥೆ ತೆರಿಗೆ ಬಂತು, 2015ರ ಆಗಸ್ಟ್‌ನಲ್ಲಿ ಬಹುಪಾಲು ವರ್ತಕರಿಗೆ ಅದೂ ರದ್ದಾಯಿತು, 2017ರ ಜುಲೈನಲ್ಲಿ ಉಳಿದದ್ದು ಜಿಎಸ್‌ಟಿಯಲ್ಲಿ ಕರಗಿಹೋಯಿತು. ಅಂದಿನಿಂದ ರಾಜ್ಯ ಸರ್ಕಾರ ಕೊಡುವ ಪರಿಹಾರದ ಹಣವೇ ಆ ಜಾಗವನ್ನು ತುಂಬುತ್ತಿದೆ.

“ದೊಡ್ಡ ಯಂತ್ರ ತಂದರೆ ಕಸವೇ ಹಣವಾಗುತ್ತದೆ”

ಪುಣೆ ಅತಿ ಹೆಚ್ಚು ಬೆಲೆ ತೆತ್ತು ಕಲಿತ ಪಾಠ ಇದೇ ಇರಬೇಕು. 1990ರ ದಶಕದ ಆರಂಭದಿಂದ ನಗರದ ಕಸ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಅಂಚಿನಲ್ಲಿ ಬಂದು ಬೀಳುತ್ತಿತ್ತು. ಬಾವಿಗಳ ನೀರು ಕೆಟ್ಟು ಗ್ರಾಮಸ್ಥರು ಮತ್ತೆ ಮತ್ತೆ ಲಾರಿಗಳನ್ನು ತಡೆದರು. 2017ರ ಏಪ್ರಿಲ್‌ನಲ್ಲಿ ರಾಶಿಗೆ ಬೆಂಕಿ ಹತ್ತಿಕೊಂಡ ಬಳಿಕ ಸುಮಾರು ಮೂರು ವಾರ ತಡೆದರು. ಈ ಒತ್ತಡದ ನಡುವೆ ದಿನಕ್ಕೆ 1000 ಟನ್ ಸಾಮರ್ಥ್ಯದ ಸಂಸ್ಕರಣಾ ಸ್ಥಾವರ ಅಲ್ಲಿಯೇ ಬಂತು, ಹಡಪಸರದ ರಾಮಟೇಕಡಿಯಲ್ಲಿ 700 ಟನ್ ಸಾಮರ್ಥ್ಯದ, ಕಸದಿಂದ ವಿದ್ಯುತ್ ತೆಗೆಯುವ ಸ್ಥಾವರ ಬಂತು, ಊರ ತುಂಬ ತಲಾ 5 ಟನ್ನಿನ ಇಪ್ಪತ್ತಕ್ಕೂ ಹೆಚ್ಚು ಜೈವಿಕ ಅನಿಲ ಘಟಕಗಳು ಎದ್ದವು. ದೊಡ್ಡವೆರಡೂ ಹೇಳಿದ ಸಾಮರ್ಥ್ಯದಲ್ಲಿ ನಡೆಯಲಿಲ್ಲ. ಸಣ್ಣವುಗಳಲ್ಲಿ ಅನೇಕವು ವರ್ಷದ ಬಹುಕಾಲ ಅರೆಹೊಟ್ಟೆಯಲ್ಲೇ ಕಳೆದವು.

ಕಾರಣ ಯಂತ್ರದ ದೋಷವೊಂದೇ ಅಲ್ಲ. ಭಾರತದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆಯ ಹಸಿ ಕಸವಾದ್ದರಿಂದ ಬೆರಕೆ ಕಸದಲ್ಲಿ ತೇವ ಹೆಚ್ಚಿರುತ್ತದೆ, ಉರಿದಾಗ ಹೊಮ್ಮುವ ಶಾಖದ ಪ್ರಮಾಣವಾದ ಉಷ್ಣಮೌಲ್ಯ ಕಡಿಮೆಯಿರುತ್ತದೆ. 2016ರ ನಿಯಮಗಳು ಕಿಲೋಗೆ 1500 ಕಿಲೋಕ್ಯಾಲರಿಗೆ ಕಡಿಮೆಯಿಲ್ಲದ, ಮರುಬಳಕೆಗೆ ಬಾರದ ಕಸವನ್ನು ಮಾತ್ರ ಶಕ್ತಿ ಉತ್ಪಾದನೆಗೆ ಗೊತ್ತುಮಾಡಿದ್ದು ಇದರಿಂದಲೇ. ಚೆನ್ನಾಗಿ ಉರಿಯುವ ಕಾಗದ ಮತ್ತು ಪ್ಲಾಸ್ಟಿಕ್ಕೇ ಗುಜರಿಯಲ್ಲಿ ಬೆಲೆ ಬಾಳುವ ಸಾಮಗ್ರಿ ಎಂಬುದನ್ನೂ ಗಮನಿಸಬೇಕು. ಅವನ್ನು ಆಯ್ದು ತೆಗೆದರೆ ಕುಲುಮೆಗೆ ಮೇವಿಲ್ಲ, ಕುಲುಮೆಗೆ ಬಿಟ್ಟರೆ ಆಯುವವರ ಅನ್ನಕ್ಕೆ ಕುತ್ತು.

ಇದಕ್ಕಿಂತ ಆಳದ ತೊಡಕು ಹಣ ಕೊಡುವ ಅಳತೆಗೋಲಿನಲ್ಲಿದೆ. ಸಂಸ್ಕರಣೆಯ ಗುತ್ತಿಗೆದಾರನಿಗೆ ಪಾಲಿಕೆಗಳು ಸಾಮಾನ್ಯವಾಗಿ ‘ಟಿಪ್ಪಿಂಗ್ ಫೀ’ ಕೊಡುತ್ತವೆ, ಎಂದರೆ ಆತನ ಅಂಗಳಕ್ಕೆ ಬಂದು ಬಿದ್ದ ಪ್ರತಿ ಟನ್ ಕಸಕ್ಕೆ ಇಷ್ಟು ರೂಪಾಯಿ ಎಂಬ ದರ. ಸಾಗಣೆಯ ಬಿಲ್ಲು ಕೂಡ ತೂಕದ ಇಲ್ಲವೇ ಲಾರಿಯ ಸರದಿಯ ಲೆಕ್ಕದಲ್ಲೇ ಬೆಳೆಯುತ್ತದೆ. ಇಂಥ ಒಪ್ಪಂದದಲ್ಲಿ ಕಸ ಹೆಚ್ಚಾದಷ್ಟೂ ಹಣ ಹೆಚ್ಚು ಹರಿಯುತ್ತದೆ. ವಸತಿ ಸಮುಚ್ಚಯವೊಂದು ತನ್ನ ಹಸಿ ಕಸವನ್ನು ಆವರಣದಲ್ಲೇ ಗೊಬ್ಬರ ಮಾಡಿಕೊಂಡದ್ದರಿಂದ ತೂಕದ ಸೇತುವೆಗೆ ಬಾರದೇ ಹೋದ ಟನ್ನಿಗೆ ಯಾರಿಗೂ ಬಿಲ್ಲು ಸಲ್ಲಿಸಲಾಗದು. ಕಸ ಕಡಿತ ಎಂಬ ಗುರಿಯನ್ನು ಪ್ರತಿ ಮುಂಗಡಪತ್ರದ ಭಾಷಣವೂ ಉಚ್ಚರಿಸಿದರೂ ಖರ್ಚಿನ ಪುಟಗಳಲ್ಲಿ ಅದು ಬಡಕಲಾಗಿ ಉಳಿಯುವುದಕ್ಕೆ ಇದೇ ಕಾರಣ. ನಿಷ್ಠುರವಾಗಿ ಹೇಳುವುದಾದರೆ, ಹುಟ್ಟದ ಕಸಕ್ಕೆ ಟೆಂಡರ್ ಕರೆಯುವ ಕಲೆ ಇನ್ನೂ ನಮ್ಮ ನಗರಾಡಳಿತಗಳಿಗೆ ಸಿದ್ಧಿಸಿಲ್ಲ.

ಅದಕ್ಕೆ ತೀರ ಹತ್ತಿರ ಬರುವ ಒಂದು ವ್ಯವಸ್ಥೆ ಪುಣೆಯಲ್ಲಿದೆ. ಎರೆಗೊಬ್ಬರ, ಮಳೆನೀರು ಸಂಗ್ರಹ, ಸೌರಶಕ್ತಿ ಇವುಗಳಲ್ಲಿ ಒಂದನ್ನು ಅಳವಡಿಸಿಕೊಂಡ ಆಸ್ತಿಗೆ ತೆರಿಗೆಯಲ್ಲಿ ಶೇ 5, ಎರಡು ಅಥವಾ ಹೆಚ್ಚನ್ನು ಅಳವಡಿಸಿಕೊಂಡರೆ ಶೇ 10 ರಿಯಾಯಿತಿ. ಒಮ್ಮೆ ಗುಂಡಿ ತೋಡಿ ಅರ್ಜಿ ಹಾಕಿದರೆ ರಿಯಾಯಿತಿ ಶಾಶ್ವತ ಎಂದು ನಂಬಿದ ವಸತಿ ಸಂಘಗಳು ಕಡಿಮೆಯೇನಲ್ಲ. ಘಟಕ ಚಾಲನೆಯಲ್ಲಿದ್ದರೆ ಮಾತ್ರ ರಿಯಾಯಿತಿ ಉಳಿಯುತ್ತದೆ, ಪರಿಶೀಲನೆಯಲ್ಲಿ ಬರಿದಾದ ಗುಂಡಿ ಕಂಡರೆ ಅದನ್ನು ಹಿಂಪಡೆಯಬಹುದು.

“ಮರುಬಳಕೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ”

ರಟ್ಟು, ಕಬ್ಬಿಣ, ನೀರಿನ ಬಾಟಲಿಯ ಮಟ್ಟಿಗೆ ಈ ಮಾತು ನಿಜ. ಚಿಪ್ಸ್ ಪೊಟ್ಟಣದಂಥ ಹಲವು ಪದರದ ಹೊದಿಕೆ, ಥರ್ಮೋಕೋಲ್, ಹಳೆಯ ಚಪ್ಪಲಿ, ಹರಿದ ಬಟ್ಟೆ ಇವುಗಳಿಗೆ ಗುಜರಿಯಲ್ಲಿ ಕೊಳ್ಳುವವರಿಲ್ಲ. ಅವನ್ನು ಆಯುವ, ಒಟ್ಟುವ, ಸಾಗಿಸುವ ಖರ್ಚು ಬರುವ ಬೆಲೆಗಿಂತ ಹೆಚ್ಚು. ಸ್ಯಾನಿಟರಿ ಪ್ಯಾಡು, ಡೈಪರುಗಳ ಮಾತಂತೂ ಬೇರೆಯೇ. ಅವನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆಯಿಟ್ಟು ಕೊಡಿರೆಂದು ‘ಸ್ವಚ್ಛ’ದ ಸದಸ್ಯೆಯರು ಚಳವಳಿಯನ್ನೇ ನಡೆಸಬೇಕಾಯಿತು, ಏಕೆಂದರೆ ಅಲ್ಲಿ ಮಾರಾಟದ ಪ್ರಶ್ನೆಯೇ ಇಲ್ಲ, ಕೈಗೆ ಸೋಂಕು ತಗಲದಿದ್ದರೆ ಸಾಕು. ಮಾರಾಟವಾಗುವ ಸಾಮಗ್ರಿಯ ಬೆಲೆಯೂ ಸ್ಥಿರವಲ್ಲ. ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ 2021ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಶೇ 18ಕ್ಕೆ ಏರಿತು; ಮರುಬಳಕೆಗೆ ಒಂದು ಇಲಾಖೆ ಅನುದಾನ ಕೊಡುತ್ತಿರುವಾಗ ಇನ್ನೊಂದು ಅದೇ ಸಾಮಗ್ರಿಯ ಮೇಲೆ ತೆರಿಗೆ ಹೆಚ್ಚಿಸುವುದು ನಮ್ಮ ಆಡಳಿತದಲ್ಲಿ ಅಪರೂಪವಲ್ಲ.

ಈ ಕೊರತೆಯನ್ನು ತುಂಬಲು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಸಾಕೆಂಬ ಮಾತು ಆಗಾಗ ಕೇಳಿಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ವ್ಯಯಿಸಬೇಕು, ಕಾತ್ರಜ್ ವಾರ್ಡಿನ ಶೂನ್ಯ ಕಸ ಪ್ರಯೋಗದಂಥವಕ್ಕೆ ಉದ್ಯಮಗಳ ನೆರವು ದೊರೆತದ್ದೂ ಉಂಟು. ಆದರೆ ಅದು ಯೋಜನೆಯ ಅವಧಿ ಮುಗಿದೊಡನೆ ನಿಲ್ಲುವ ಹಣ.

ಹೆಚ್ಚು ನಿರೀಕ್ಷೆ ಹುಟ್ಟಿಸಿರುವುದು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಎಂದರೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸರಕು ಮಾರುವ ಕಂಪನಿಯೇ ಆ ಹೊದಿಕೆಯ ಸಂಸ್ಕರಣೆಯ ಖರ್ಚು ಹೊರಬೇಕೆಂಬ ನಿಯಮ. 2022ರ ಫೆಬ್ರವರಿಯಲ್ಲಿ ಪ್ರಕಟವಾದ ಮಾರ್ಗಸೂಚಿಯಂತೆ ಕಂಪನಿಗಳು ನೋಂದಾಯಿತ ಸಂಸ್ಕರಣಾಕಾರರಿಂದ ಪ್ರಮಾಣಪತ್ರ ಕೊಂಡು ತಮ್ಮ ಹೊಣೆ ತೀರಿಸಿಕೊಳ್ಳಬಹುದು. ಇದರಿಂದ ಪಾಲಿಕೆಯ ಬೊಕ್ಕಸಕ್ಕೆ ಹಣ ಬರುತ್ತದೆಂಬುದು ಹೊಸ ತಪ್ಪು ಕಲ್ಪನೆ. ಪ್ರಮಾಣಪತ್ರದ ಹಣ ಮೊದಲು ಸಲ್ಲುವುದು ನೋಂದಾಯಿತ ಕಾರ್ಖಾನೆಗೆ. ಬೀದಿಯಲ್ಲಿ ಆ ಪೊಟ್ಟಣವನ್ನು ಹೆಕ್ಕಿದವರಿಗೂ ಅದನ್ನು ತೂಗಿಕೊಂಡ ಗುಜರಿ ಅಂಗಡಿಗೂ ತಲುಪುವುದು ಕಾರ್ಖಾನೆಯು ಕೊಂಡ ಬೆಲೆಯಲ್ಲಿ ಎಷ್ಟನ್ನು ಕೆಳಗೆ ಬಿಟ್ಟುಕೊಟ್ಟಿತೋ ಅಷ್ಟು ಮಾತ್ರ.