ಎರಡು ಸ್ವರಗಳು ಬರೆಯುವ ಚಿತ್ರ

ಉಡುಪಿಯ ರಾಜಾಂಗಣದಲ್ಲಿ ಕಚೇರಿ ಮೊದಲಾಗುವ ಮುನ್ನ ತಂಬೂರಿಯನ್ನು ಶ್ರುತಿಗೂಡಿಸುವುದನ್ನು ನೋಡದ ಸಂಗೀತಪ್ರಿಯರು ಈ ಸೀಮೆಯಲ್ಲಿ ವಿರಳ. ಬಿರಡೆ ಕೂದಲೆಳೆಯಷ್ಟು ತಿರುಗುತ್ತದೆ, ಕಿವಿ ಒಪ್ಪುವುದಿಲ್ಲ, ಮತ್ತೆ ತಿರುಗುತ್ತದೆ. ಒಮ್ಮೆಲೇ ಷಡ್ಜವೂ ಪಂಚಮವೂ ಒಂದರೊಳಗೊಂದು ಕರಗುತ್ತವೆ. ಹೀಗೆ ಕರಗಿದುದು ನಿಜವೇ, ಅಥವಾ ಅಭ್ಯಾಸದ ಭ್ರಮೆಯೇ?

ಕಿವಿಯ ಈ ತೀರ್ಪನ್ನು ಕಣ್ಣಿನಿಂದ ಪರೀಕ್ಷಿಸುವ ಉಪಾಯವೊಂದು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿದೆ. ಹಳೆಯ ಆಸಿಲೋಸ್ಕೋಪಿನ ಎಕ್ಸ್-ವೈ ವಿಧಾನವೇ ಅದು. ಉಡುಪಿಯ ಎಂ.ಜಿ.ಎಂ. ಕಾಲೇಜು (1949), ಮಣಿಪಾಲದ ತಾಂತ್ರಿಕ ಕಾಲೇಜು (1957), ಕಾರ್ಕಳದ ಭುವನೇಂದ್ರ ಕಾಲೇಜು (1960) ಬೆಳೆದುನಿಂತ ಈ ನೆಲದಲ್ಲಿ ವಿಜ್ಞಾನವನ್ನು ಓದಿದವರಿಗೆ ಆ ಹಸುರು ಗೆರೆ ಅಪರಿಚಿತವಾಗಿರಲಾರದು.

ಯಂತ್ರದ ಹೃದಯವೆಂದರೆ ಒಂದು ಗಾಜಿನ ಕೊಳವೆ. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅದಕ್ಕೆ ಮೊದಲ ರೂಪವನ್ನು ಕೊಟ್ಟನು. ಹಿಂದಿನಿಂದ ಚಿಮ್ಮಿದ ಎಲೆಕ್ಟ್ರಾನುಗಳು ಮುಂದಿನ ಪರದೆಯ ರಂಜಕ ಲೇಪವನ್ನು ತಾಕಿ ಬೆಳಕಿನ ಚುಕ್ಕಿಯಾಗುತ್ತವೆ. ಎರಡು ಜೊತೆ ಫಲಕಗಳು ಆ ಚುಕ್ಕಿಯನ್ನು ಅಡ್ಡಕ್ಕೂ ಉದ್ದಕ್ಕೂ ಎಳೆಯುತ್ತವೆ. ಸಾಧಾರಣವಾಗಿ ಅಡ್ಡ ಚಲನೆ ಕಾಲದ್ದು. ಆಗ ಕಾಪುವಿನ ದಂಡೆಯಲ್ಲಿ ನಿಂತು ತೆರೆಗಳನ್ನು ಕಂಡಂತೆ, ಏರಿಳಿಯುವ ಅಲೆಯೊಂದು ಕಾಣುತ್ತದೆ. ಗುಂಡಿಯನ್ನು ಎಕ್ಸ್-ವೈಗೆ ತಿರುಗಿಸಿದೊಡನೆ ಕಾಲವು ಬದಿಗೆ ಸರಿದು ಎರಡನೆಯ ಸ್ವರ ಅದರ ಸ್ಥಾನಕ್ಕೆ ಬರುತ್ತದೆ. ಇನ್ನು ಕಾಣುವುದು ಸ್ವರವಲ್ಲ, ಸ್ವರಗಳ ಸಂಬಂಧ.

ಎರಡೂ ಒಂದೇ ಸ್ವರವಾಗಿ, ಜೊತೆಜೊತೆಗೆ ಏರಿಳಿದರೆ ಓರೆಯಾದ ಸರಳರೇಖೆ ಮೂಡುತ್ತದೆ. ಒಂದು ಕಾಲು ಸುತ್ತು ಹಿಂದೆ ಬಿದ್ದು ಬಲದಲ್ಲಿ ಸಮನಾಗಿದ್ದರೆ ವೃತ್ತ. ನಡುವಣ ಅವಸ್ಥೆಗಳಲ್ಲಿ ದೀರ್ಘವೃತ್ತ. ಆವರ್ತನದಲ್ಲಿ ಹತ್ತರಲ್ಲೊಂದು ಭೇದವಿದ್ದರೂ ಚಿತ್ರ ಮೆಲ್ಲಗೆ ಮಗುಚುತ್ತ ಹತ್ತು ಸೆಕೆಂಡಿಗೊಮ್ಮೆ ಮೊದಲಿನ ರೂಪಕ್ಕೆ ಮರಳುತ್ತದೆ. ಅಷ್ಟು ಸೂಕ್ಷ್ಮ ಈ ತಕ್ಕಡಿ.

ಈಗ ಸೆಕೆಂಡಿಗೆ 240 ಕಂಪನಗಳ ಷಡ್ಜವನ್ನು ಅಡ್ಡಕ್ಕೂ 360ರ ಪಂಚಮವನ್ನು ಉದ್ದಕ್ಕೂ ಕೊಡೋಣ. ತಂಬೂರಿಯ ತಂತಿಯಲ್ಲಿ ಉಪಸ್ವರಗಳು ಬೆರೆತಿರುವುದರಿಂದ, ಪ್ರಯೋಗಕ್ಕೆ ಶುದ್ಧ ಕಂಪನವನ್ನು ಕೊಡುವ ಆಂದೋಲಕಗಳೇ ಲೇಸು. ಪರದೆಯ ಮೇಲೆ, ನಾಗಮಂಡಲದ ಸರ್ಪದ ಹೆಣಿಗೆಯನ್ನು ನೆನಪಿಸುವ ರೇಖಾಜಾಲವೊಂದು ಮೂಡಿ ನಿಲ್ಲುತ್ತದೆ. ಅದು ಮೇಲಂಚನ್ನು ಮೂರೆಡೆ, ಪಕ್ಕದಂಚನ್ನು ಎರಡೆಡೆ ಮುಟ್ಟುವುದನ್ನು ಎಣಿಸಬಹುದು. ಮೂರಕ್ಕೆ ಎರಡು: ಇದೇ ಪಂಚಮದ ಲೆಕ್ಕ. ಕೀಬೋರ್ಡುಗಳ ಸಮವಿಭಾಗದ ಪಂಚಮವಾದರೋ ಸುಮಾರು 359.6. ಅದನ್ನು ಕೊಟ್ಟರೆ ಹೆಣಿಗೆ ನಿಲ್ಲದೆ, ಸುಮಾರು ಒಂದೂಕಾಲು ಸೆಕೆಂಡಿಗೊಮ್ಮೆ ಮಗುಚುತ್ತಲೇ ಇರುತ್ತದೆ. ಕಿವಿಗೆ ಕಂಡ ಕೊರತೆ ಭ್ರಮೆಯಾಗಿರಲಿಲ್ಲ!

ಈ ಆಕೃತಿಗಳಿಗೆ ಫ್ರಾನ್ಸಿನ ಲಿಸಾಜೂವಿನ ಹೆಸರಿದೆ. 1857ರಲ್ಲಿ ಆತ ಶ್ರುತಿಕವೆಗಳಿಗೆ ಪುಟ್ಟ ಕನ್ನಡಿಗಳನ್ನು ಅಂಟಿಸಿ, ಬೆಳಕನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಇವನ್ನು ತೋರಿಸಿದನು. ಅವನಿಗೂ ಮುನ್ನ, 1815ರಲ್ಲಿ, ಅಮೆರಿಕದ ಬೌಡಿಚ್ ಲೋಲಕದ ಚಲನೆಯಲ್ಲಿ ಇವನ್ನು ಅಭ್ಯಸಿಸಿದ್ದನು.

ಇಂದಿನ ಡಿಜಿಟಲ್ ಯಂತ್ರಗಳು ಸ್ವರವನ್ನು ಅಂಕೆಗಳಾಗಿಸಿ ಚಿತ್ರವನ್ನು ಕಟ್ಟುತ್ತವೆ. ಅವುಗಳ ಉಪಯೋಗ ದೊಡ್ಡದು. ಆದರೆ ಹಳೆಯ ಕೊಳವೆಯಲ್ಲಿ ಲೇಖನಿ ಸ್ವರದ ಕೈಯಲ್ಲೇ ಇರುತ್ತದೆ. ಚುಕ್ಕಿ ನಿಧಾನಿಸುವ ಅಂಚುಗಳಲ್ಲಿ ಗೆರೆ ತಾನಾಗಿ ಉಜ್ವಲವಾಗುತ್ತದೆ. ಹಳೆಯ ಯಂತ್ರ ದೊರೆತ ಅಧ್ಯಾಪಕರು ಅದನ್ನು ಗುಜರಿಗೆ ಹಾಕುವ ಮುನ್ನ ವಿದ್ಯಾರ್ಥಿಗಳಿಗೊಮ್ಮೆ ತೋರಿಸಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಎಕ್ಸ್-ವೈಯಲ್ಲಿ ಸ್ವರವಿಲ್ಲದಾಗ ಚುಕ್ಕಿ ಒಂದೆಡೆ ನಿಂತುಬಿಡುತ್ತದೆ. ಪ್ರಕಾಶವನ್ನು ತಗ್ಗಿಸದಿದ್ದರೆ ಅಲ್ಲಿಯ ಲೇಪವನ್ನು ಸುಟ್ಟು ಅಳಿಯದ ಕಲೆಯನ್ನು ಉಳಿಸುತ್ತದೆ. ಚಲಿಸುವಾಗ ಚಿತ್ರವನ್ನು ಬರೆದ ಬೆಳಕೇ ನಿಂತಾಗ ಪರದೆಯನ್ನು ಸುಡುತ್ತದೆ.