ನಡುವೆ ಇಳಿಯುವ ಊರು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ 13.5 ಅಡಿ ಎತ್ತರದ ಗಣೇಶನಿದ್ದು, ಹೊಸ ಕೆಲಸಕ್ಕೆ ಕೈಹಾಕುವವರೂ ದೂರದ ಪಯಣ ಕಟ್ಟುವವರೂ ಅವನಿಗೆ ಕೈಮುಗಿದು ಹೊರಡುವುದು ಸುತ್ತಲಿನ ಊರುಗಳ ರೂಢಿ. ತ್ರಿಪುರಾಸುರನ ಸಂಹಾರಕ್ಕೆ ಹೊರಟ ತ್ರಿಮೂರ್ತಿಗಳು ಇಲ್ಲಿ ಒಟ್ಟುಗೂಡಿ ಈ ಮೂರ್ತಿಯನ್ನು ಪ್ರತಿಷ್ಠಿಸಿದರೆಂದೂ, ದೇವತೆಗಳು ಕೂಡಿದ ಬೆಟ್ಟವಾದ್ದರಿಂದ ‘ಕೂಡುಮಲೆ’ ಎನಿಸಿಕೊಂಡ ಊರೇ ಜನರ ಬಾಯಲ್ಲಿ ಕುರುಡುಮಲೆಯಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ತಾಲ್ಲೂಕು ಕೇಂದ್ರವಾದ ಮುಳಬಾಗಿಲಿನ ಹೆಸರಿನಲ್ಲಿಯೂ ‘ಮೂಡಲ ಬಾಗಿಲು’ ಅಡಗಿದೆ. ಮೈಸೂರು ಸೀಮೆಯಿಂದ ತಿರುಪತಿಯ ಕಡೆಗೆ ನಡೆದವರು ಈ ಬಾಗಿಲನ್ನು ದಾಟಿಯೇ ಹೋಗುತ್ತಿದ್ದರು. ಹೀಗೆ ದಾರಿಹೋಕರನ್ನು ನೂರಾರು ವರ್ಷ ಕಂಡ ಈ ನೆಲದಿಂದ ಇಂದು ಹೊರಡುವವರಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಯುವಕರಿದ್ದಾರೆ, ಹೊರದೇಶದ ಆಸ್ಪತ್ರೆಗಳಿಗೆ ಹೋಗುವ ನರ್ಸುಗಳಿದ್ದಾರೆ, ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಗಳ ಬಾಣಂತನಕ್ಕೆಂದು ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತುವ ತಾಯಂದಿರೂ ಇದ್ದಾರೆ. ಇವರಲ್ಲಿ ಬಹುಪಾಲಿನವರಿಗೆ ಅಂಜಿಕೆ ಹುಟ್ಟಿಸುವುದು ಹಾರುವ ವಿಮಾನವಲ್ಲ. ನಡುವೆ ಯಾವುದೋ ಗೊತ್ತಿಲ್ಲದ ಊರಿನಲ್ಲಿ ಇಳಿದು, ಮತ್ತೊಂದು ವಿಮಾನವನ್ನು ತಾವೇ ಹುಡುಕಿ ಹತ್ತಬೇಕಾದ ಆ ಎರಡು ಮೂರು ಗಂಟೆಗಳು.

ಈ ನಡುವಿನ ಕಾಯುವಿಕೆಯನ್ನು ವಿಮಾನಯಾನದ ಮಾತಿನಲ್ಲಿ ‘ಲೇಓವರ್’ ಎಂದೂ, ಮುಂದೆ ಹತ್ತಬೇಕಾದ ವಿಮಾನವನ್ನು ‘ಕನೆಕ್ಟಿಂಗ್ ಫ್ಲೈಟ್’ ಎಂದೂ ಕರೆಯುತ್ತಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ತಂಗುವಿಕೆ 24 ಗಂಟೆ ಮೀರಿದರೆ ಅದು ‘ಸ್ಟಾಪ್‌ಓವರ್’ ಎನಿಸಿಕೊಳ್ಳುತ್ತದೆ. ಎಲ್ಲಿಯೂ ಇಳಿಯದೆ ಹೋಗುವುದು ‘ನಾನ್‌ಸ್ಟಾಪ್’ ವಿಮಾನವಾದರೆ, ಜಾಹೀರಾತಿನಲ್ಲಿ ಕಾಣುವ ‘ಡೈರೆಕ್ಟ್’ ಎಂಬ ಪದಕ್ಕೆ ಒಂದೇ ಸಂಖ್ಯೆಯ ವಿಮಾನ ಎಂಬಷ್ಟೇ ಅರ್ಥವಿದ್ದು, ಅದು ನಡುವೆ ಒಂದು ಕಡೆ ನಿಂತು ಹೋಗಲೂಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಸುಮಾರು 14,000 ಕಿಲೋಮೀಟರಿನ ನಾನ್‌ಸ್ಟಾಪ್ ಹಾರಾಟ ಆರಂಭವಾದದ್ದು 2021ರ ಜನವರಿಯಲ್ಲಿ. ಆ ಮಾರ್ಗದ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳ ತಂಡವೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತು. ಆದರೆ ಇಂಥ ಮಾರ್ಗಗಳು ಬೆರಳೆಣಿಕೆಯಷ್ಟಿರುವುದರಿಂದ ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್ ಅಥವಾ ಸಿಂಗಪುರದಲ್ಲಿ ಇಳಿದು ಹತ್ತುವುದೇ ಇಂದಿಗೂ ಹೆಚ್ಚಿನವರ ಪಾಲಿಗೆ ಬರುವ ದಾರಿ.

ವಿಮಾನ ತಪ್ಪುವುದೋ ಸಿಗುವುದೋ ಎಂಬುದು ಬಹುಮಟ್ಟಿಗೆ ಟಿಕೆಟ್ ಕೊಳ್ಳುವ ಹೊತ್ತಿನಲ್ಲಿಯೇ ತೀರ್ಮಾನವಾಗಿರುತ್ತದೆ. ಕುರುಡುಮಲೆಯಿಂದ ಬೆಂಗಳೂರಿಗೆ ಹೊರಟವರು ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸುವಾಗ ಒಂದು ಬಸ್ಸಿಗೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ. ಮೊದಲನೆಯದು ತಡವಾದರೆ ಎರಡನೆಯದು ಕಾಯುವುದಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ಇನ್ನೊಂದು ಬಸ್ಸು ಬರುವುದರಿಂದ ಯಾರಿಗೂ ನಷ್ಟವಾಗುವುದಿಲ್ಲ. ವಿಮಾನದಲ್ಲಿ ಹಾಗಲ್ಲ. ಎರಡು ವಿಮಾನಗಳೂ ಒಂದೇ ಬುಕಿಂಗ್‌ನಲ್ಲಿದ್ದರೆ, ಅಂದರೆ ‘ಪಿಎನ್‌ಆರ್’ ಎಂದು ಕರೆಯುವ ಆರು ಅಕ್ಷರ-ಅಂಕಿಗಳ ಒಂದೇ ಗುರುತಿನ ಕೆಳಗೆ ಇಡೀ ಪ್ರಯಾಣ ದಾಖಲಾಗಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಪ್ರಯಾಣಿಕರನ್ನು ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ವಿಮಾನ ಕಂಪನಿಯದು. ಅಂಥ ಟಿಕೆಟನ್ನು ಮಾರುವಾಗಲೇ ಆಯಾ ವಿಮಾನ ನಿಲ್ದಾಣಕ್ಕೆ ಗೊತ್ತುಪಡಿಸಿದ ಕನಿಷ್ಠ ಬದಲಾವಣೆ ಸಮಯವನ್ನು ನೋಡಿಕೊಂಡಿರುತ್ತಾರೆ. ಅದೇ ಎರಡು ಕಡೆ ಬಿಡಿಬಿಡಿಯಾಗಿ ಕೊಂಡ ಟಿಕೆಟುಗಳಾದರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ಆ ಪ್ರಯಾಣಿಕರು ಹೊತ್ತಿಗೆ ಬಾರದವರು, ಅಷ್ಟೇ. ಹಣ ಹೋಗುತ್ತದೆ, ಹೊಸ ಟಿಕೆಟನ್ನು ಅಂದಿನ ದರದಲ್ಲಿ ಕೊಳ್ಳಬೇಕಾಗುತ್ತದೆ, ಲಗೇಜನ್ನು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಲು ಆ ದೇಶದ ವೀಸಾ ಕೂಡ ಬೇಕಾದೀತು. ಕೆಲವು ಸಾವಿರ ರೂಪಾಯಿ ಉಳಿಯುತ್ತದೆಂದು ವಯಸ್ಸಾದ ತಂದೆತಾಯಿಗೆ ಬಿಡಿ ಟಿಕೆಟುಗಳನ್ನು ಜೋಡಿಸಿಕೊಡುವ ಮಕ್ಕಳು, ಇಡೀ ಪ್ರಯಾಣದ ಅಪಾಯವನ್ನು ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರ ತಲೆಯ ಮೇಲೆ ಇಟ್ಟಂತಾಗುತ್ತದೆ. ಒಂದೇ ಬುಕಿಂಗ್‌ನಲ್ಲಿಯೂ ಒಂದು ಗಂಟೆ, ಒಂದೂಕಾಲು ಗಂಟೆಯ ಬದಲಾವಣೆಯನ್ನು ಮಾರುವುದುಂಟು. ನಿಯಮಕ್ಕೆ ಅದು ಸಾಕಾದರೂ ಮೊದಲ ಸಲ ಹೋಗುವವರಿಗೆ ಮೂರು ಗಂಟೆಯಾದರೂ ಇರಲೇಬೇಕು.

ಅದಕ್ಕೂ ಮೊದಲು ಎಚ್ಚರದಿಂದ ಓದಬೇಕಾದದ್ದು ಟಿಕೆಟಿನ ಮೇಲಿನ ತಾರೀಖು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸಾಗುವುದರಿಂದ ಹಳ್ಳಿಯ ಮಾತಿನಲ್ಲಿ ‘ಸೋಮವಾರ ರಾತ್ರಿ ಎರಡು ಗಂಟೆ’ ಎಂದರೆ ಅದು ಇನ್ನೂ ಸೋಮವಾರವೇ. ಟಿಕೆಟಿನ ಗಡಿಯಾರಕ್ಕೆ ಮಾತ್ರ ಮಧ್ಯರಾತ್ರಿ ಕಳೆದೊಡನೆ ಮಂಗಳವಾರ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಅನೇಕ ವಿಮಾನಗಳು ಮಧ್ಯರಾತ್ರಿಗೂ ಮುಂಜಾವಿಗೂ ನಡುವೆ ಹಾರುವುದರಿಂದ ಈ ಸಣ್ಣ ವ್ಯತ್ಯಾಸ ಇಡೀ ಪ್ರಯಾಣವನ್ನೇ ಕೆಡಿಸಬಲ್ಲದು: 15ನೇ ತಾರೀಖು 2.30 ಎಂದು ಅಚ್ಚಾಗಿದ್ದರೆ ಮುಳಬಾಗಿಲಿನ ಮನೆಯಿಂದ 14ರ ಸಂಜೆಯೇ ಹೊರಟಿರಬೇಕು. ದಾರಿಯೇನೂ ಹತ್ತಿರದ್ದಲ್ಲ, ಕೋಲಾರ, ನರಸಾಪುರ, ಹೊಸಕೋಟೆಯ ಮೇಲೆ ಹೋದರೂ, ಶ್ರೀನಿವಾಸಪುರ, ಚಿಂತಾಮಣಿ, ವಿಜಯಪುರದ ಮೇಲೆ ಹೋದರೂ ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣ 100 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಕೋಲಾರದಿಂದ ಶ್ರೀನಿವಾಸಪುರ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕಕ್ಕೆ ಹೋಗುವ ರೈಲುಹಾದಿಯಲ್ಲಿ 2021ರ ಆರಂಭದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಹಾಲ್ಟ್ ತೆರೆದಿದ್ದಾರೆ. ಆದರೆ ಅಲ್ಲಿ ನಿಲ್ಲುವ ರೈಲುಗಳು ಕೆಲವೇ ಆದ್ದರಿಂದ ನಡುರಾತ್ರಿಯ ವಿಮಾನಕ್ಕೆ ಅದನ್ನು ನೆಚ್ಚುವಂತಿಲ್ಲ. 2008ರ ಮೇ ತಿಂಗಳಲ್ಲಿ ಆರಂಭವಾದ ಈ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ಬಂದಿದ್ದು, ಕಾರಿನವರಿಗೆ ಅದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಟಿಕೆಟಿನಲ್ಲಿರುವ ಪ್ರತಿಯೊಂದು ವೇಳೆಯೂ ಆಯಾ ಊರಿನ ಸ್ಥಳೀಯ ವೇಳೆ. ಬೆಂಗಳೂರಿನಿಂದ ಬೆಳಗಿನ 4ಕ್ಕೆ ಹೊರಟು ನಾಲ್ಕು ಗಂಟೆ ಹಾರಿದ ವಿಮಾನ ದುಬೈನಲ್ಲಿ ಇಳಿಯುವಾಗ ಅಲ್ಲಿನ ಗಡಿಯಾರ 6.30 ತೋರಿಸುತ್ತದೆ, ಏಕೆಂದರೆ ಆ ಊರು ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಸಿಂಗಪುರವಾದರೆ ಎರಡೂವರೆ ಗಂಟೆ ಮುಂದಿದೆ. ಕೈಗಡಿಯಾರವನ್ನು ಭಾರತದ ವೇಳೆಯಲ್ಲೇ ಬಿಟ್ಟು, ಸಿಂಗಪುರದಲ್ಲಿ ಇನ್ನೂ ಹೊತ್ತಿದೆಯೆಂದು ಕುರ್ಚಿಯಲ್ಲಿ ಒರಗಿದವರಿಗೆ ವಿಮಾನ ತಪ್ಪುವುದು ಖಂಡಿತ.

ಚೆಕ್-ಇನ್ ಕೌಂಟರಿನಲ್ಲಿ ಸೂಟ್‌ಕೇಸನ್ನು ತೂಕಕ್ಕಿಟ್ಟಾಗ ಅದರ ಹಿಡಿಗೆ ಸುತ್ತಿ ಅಂಟಿಸುವ ಉದ್ದನೆಯ ಕಾಗದದ ಪಟ್ಟಿಯನ್ನು ನಿಂತು ನೋಡಬೇಕು. ಅದರ ಮೇಲೆ ಬಾರ್‌ಕೋಡಿನ ಗೆರೆಗಳೊಂದಿಗೆ ಹತ್ತು ಅಂಕಿಗಳ ಸಂಖ್ಯೆಯೂ ಮೂರಕ್ಷರದ ಊರಿನ ಗುರುತೂ ಇರುತ್ತದೆ: ಬೆಂಗಳೂರಿಗೆ ಬಿಎಲ್‌ಆರ್, ದುಬೈಗೆ ಡಿಎಕ್ಸ್‌ಬಿ, ಫ್ರಾಂಕ್‌ಫರ್ಟಿಗೆ ಎಫ್‌ಆರ್‌ಎ. ಇವುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಲಗೇಜು ಕೊನೆಗೆ ಸೇರಬೇಕಾದ ಊರು. ಫ್ರಾಂಕ್‌ಫರ್ಟಿನ ಮೂಲಕ ಷಿಕಾಗೋಗೆ ಹೊರಟವರ ಪಟ್ಟಿಯಲ್ಲಿ ಷಿಕಾಗೋದ ಒಆರ್‌ಡಿ ಎಂಬ ಗುರುತು ಇದ್ದರೆ ಫ್ರಾಂಕ್‌ಫರ್ಟಿನಲ್ಲಿ ಲಗೇಜಿನ ಗೊಡವೆಯಿಲ್ಲ. ಅದು ತಾನೇ ವಿಮಾನದಿಂದ ವಿಮಾನಕ್ಕೆ ಹೋಗುತ್ತದೆ. ಅದೇ ಸಂಖ್ಯೆಯ ಚಿಕ್ಕ ಚೀಟಿಯೊಂದನ್ನು ಬೋರ್ಡಿಂಗ್ ಪಾಸಿನ ಹಿಂಬದಿಗೆ ಅಂಟಿಸಿ ಕೊಡುತ್ತಾರೆ. ಕಸವೆಂದು ಕಿತ್ತೆಸೆಯುವ ಆ ಚೀಟಿಯೇ ಮುಂದೆ ಸೂಟ್‌ಕೇಸ್ ಕಾಣೆಯಾದರೆ ಅದು ಕೊಟ್ಟದ್ದಕ್ಕೆ ಇರುವ ಪುರಾವೆ. ಎರಡು ವಿಮಾನಕ್ಕೆ ಎರಡು ಬೋರ್ಡಿಂಗ್ ಪಾಸ್ ಬೆಂಗಳೂರಿನಲ್ಲಿಯೇ ಸಿಕ್ಕಿವೆಯೇ ಎಂಬುದನ್ನೂ ಕೌಂಟರ್ ಬಿಡುವ ಮೊದಲು ಕೇಳಿಕೊಳ್ಳಬೇಕು.

ಲಗೇಜು ತಾನೇ ಮುಂದಕ್ಕೆ ಹೋಗುತ್ತದೆಂಬ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಅಮೆರಿಕಕ್ಕೆ ಹೋಗುವವರು ಆ ದೇಶದಲ್ಲಿ ಮೊದಲು ಇಳಿಯುವ ಊರಿನಲ್ಲಿಯೇ ಇಮಿಗ್ರೇಷನ್ ಮುಗಿಸಿ, ಪಟ್ಟಿಯ ಮೇಲೆ ಮುಂದಿನ ಊರಿನ ಹೆಸರಿದ್ದರೂ ಸಾಮಾನ್ಯವಾಗಿ ಲಗೇಜನ್ನು ತಾವೇ ತೆಗೆದುಕೊಂಡು ಕಸ್ಟಮ್ಸ್ ದಾಟಿಸಿ, ಹೊರಗಿನ ಬೆಲ್ಟಿಗೆ ಮತ್ತೆ ಒಪ್ಪಿಸಬೇಕು. ಅಬುಧಾಬಿಯ ಮೂಲಕ ಹೋಗುವವರಿಗಾದರೆ 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲಿಯೇ ಕುಳಿತು ಈ ತಪಾಸಣೆ ಮುಗಿಸುವ ವ್ಯವಸ್ಥೆಯಿದ್ದು, ಹಾಗೆ ಬಂದ ವಿಮಾನ ಅಮೆರಿಕದಲ್ಲಿ ಒಳನಾಡಿನ ವಿಮಾನದಂತೆ ಇಳಿಯುತ್ತದೆ. ಮರಳುವಾಗ ದೆಹಲಿಯಲ್ಲಿ ಇಳಿದು ಬೆಂಗಳೂರಿಗೆ ಬರುವವರಿಗೂ ಹೆಚ್ಚಾಗಿ ಇದೇ ಕ್ರಮ: ಕಸ್ಟಮ್ಸ್ ದೆಹಲಿಯಲ್ಲಿ, ಆಮೇಲೆ ಲಗೇಜು ಮತ್ತೆ ಬೆಲ್ಟಿಗೆ. ಯೂರೋಪಿನ ಷೆಂಗೆನ್ ಒಕ್ಕೂಟದ ದೇಶಗಳಲ್ಲಿ ಪಾಸ್‌ಪೋರ್ಟಿನ ತಪಾಸಣೆ ನಡೆಯುವುದು ಮೊದಲು ಇಳಿದ ದೇಶದಲ್ಲಾದ್ದರಿಂದ, ಫ್ರಾಂಕ್‌ಫರ್ಟಿನಲ್ಲಿ ಇಳಿದು ರೋಮಿಗೆ ಹೋಗುವವರು ಆ ಸಾಲಿಗೂ ಸಮಯ ಇಟ್ಟುಕೊಂಡಿರಬೇಕು. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಭಾರತೀಯರಿಂದ ‘ಟ್ರಾನ್ಸಿಟ್ ವೀಸಾ’ ಕೇಳುವ ದೇಶಗಳಿವೆ. ಬ್ರಿಟನ್ ಕೇಳುತ್ತದೆ, ಅಮೆರಿಕ ಅಥವಾ ಕೆನಡಾದ ವೀಸಾ ಇದ್ದವರಿಗೆ ಕೆಲವು ಷರತ್ತುಗಳ ಮೇಲೆ ವಿನಾಯಿತಿ ಕೊಡುತ್ತದೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನ ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನೇ ನೋಡಬೇಕು.

ನಡುವಿನ ಊರಿನಲ್ಲಿ ವಿಮಾನ ಇಳಿದಾಗ ಜನರ ಗುಂಪು ಎರಡಾಗಿ ಒಡೆಯುತ್ತದೆ: ಆ ಊರಿನಲ್ಲೇ ಇಳಿಯುವವರು ‘ಅರೈವಲ್ಸ್’ ಎಂಬ ಫಲಕದ ಕಡೆಗೂ, ಮುಂದೆ ಹೋಗುವವರು ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂಬ ಫಲಕದ ಕಡೆಗೂ ತಿರುಗುತ್ತಾರೆ. ಮುಂದೆ ನಡೆಯುವವರ ಹಿಂದೆ ಸುಮ್ಮನೆ ಹೋದರೆ ದಾರಿ ತಪ್ಪುವುದು ಇಲ್ಲಿಯೇ. ಅಲ್ಲಿಂದ ಮುಂದೆ ಮತ್ತೊಮ್ಮೆ ಭದ್ರತಾ ತಪಾಸಣೆ ನಡೆಯುವುದರಿಂದ ಬೆಂಗಳೂರಿನಲ್ಲಿ ಒಳಗೆ ಬಂದಮೇಲೆ ತುಂಬಿಸಿಕೊಂಡ ನೀರಿನ ಬಾಟಲಿಯನ್ನೂ ಖಾಲಿ ಮಾಡಬೇಕಾಗುತ್ತದೆ. ಬಳಿಕ ದೊಡ್ಡ ಪರದೆಯಲ್ಲಿ ವಿಮಾನದ ಸಂಖ್ಯೆಯ ಎದುರಿಗಿರುವ ಗೇಟ್ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಬೋರ್ಡಿಂಗ್ ಪಾಸಿನ ಮೇಲೆ ಅಚ್ಚಾದ ಗೇಟ್ ಆಮೇಲೆ ಬದಲಾಗಿರಬಹುದಾದ್ದರಿಂದ ಪರದೆಯ ಮಾತೇ ಕೊನೆಯದು. ದುಬೈಯ ಮೂರನೆಯ ಟರ್ಮಿನಲ್‌ನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಒಳಗಿನ ರೈಲಿನಲ್ಲಿ ಹೋಗಬೇಕಾದಷ್ಟು ದೂರವಿರುತ್ತದೆ. ದೋಹಾದಲ್ಲಿ ಏಳು ಮೀಟರ್ ಎತ್ತರದ ಹಳದಿ ಕರಡಿಯ ಬೊಂಬೆಯೊಂದು ನಡುಮಧ್ಯದಲ್ಲಿ ಕುಳಿತಿದ್ದು, ದಂಪತಿಗಳು ಒಬ್ಬರನ್ನೊಬ್ಬರು ಕಳೆದುಕೊಂಡರೆ ಅಲ್ಲಿಗೇ ಬರುವುದೆಂದು ಮೊದಲೇ ಮಾತಾಡಿಕೊಂಡರೆ ಸಾಕು. ಗೇಟ್ ಬಾಗಿಲನ್ನು ವಿಮಾನ ಹೊರಡುವ ವೇಳೆಗಲ್ಲ, ಅದಕ್ಕೆ ಸುಮಾರು 20 ನಿಮಿಷ ಮೊದಲೇ ಮುಚ್ಚುತ್ತಾರೆ.

ಕೋಲಾರ ಸೀಮೆಯ ಮನೆಗಳಿಂದ ಹೊರಡುವ ಕೈಚೀಲದಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ತುಪ್ಪ, ಬಾಣಂತಿ ಲೇಹ್ಯ ಇಲ್ಲದಿರುವುದೇ ಅಪರೂಪ. ಇವೆಲ್ಲ 100 ಮಿಲಿಲೀಟರ್ ಮೀರಿದರೆ ದ್ರವದ ಲೆಕ್ಕಕ್ಕೆ ಬಂದು ತಪಾಸಣೆಯಲ್ಲಿ ತೊಟ್ಟಿ ಸೇರುತ್ತವೆ. ಎಣ್ಣೆ ಸೋರದಂತೆ ಭದ್ರವಾಗಿ ಕಟ್ಟಿ ದೊಡ್ಡ ಸೂಟ್‌ಕೇಸಿನಲ್ಲಿಡುವುದೇ ಸರಿ. ಒಣ ಕೊಬ್ಬರಿಯನ್ನು ಮಾತ್ರ ಅದರಲ್ಲಿಯೂ ಇಡುವಂತಿಲ್ಲ. ಎಣ್ಣೆಯಂಶವಿರುವ ಕೊಬ್ಬರಿ ತಾನಾಗಿ ಬಿಸಿಯೇರಬಲ್ಲ ವಸ್ತುವೆಂದು ವಿಮಾನಯಾನದ ಸುರಕ್ಷತಾ ನಿಯಮಗಳು ಗುರುತಿಸಿವೆ. ಶ್ರೀನಿವಾಸಪುರದ ಮಾವಿನಹಣ್ಣನ್ನು ಮಗಳಿಗೆಂದು ಅಮೆರಿಕಕ್ಕೆ ಒಯ್ಯುವ ಆಸೆಯೂ ಈಡೇರುವುದಿಲ್ಲ, ಏಕೆಂದರೆ 2007ರಿಂದ ಭಾರತದ ಮಾವು ಆ ದೇಶಕ್ಕೆ ಹೋಗುತ್ತಿರುವುದು ವಿಕಿರಣಕ್ಕೆ ಒಡ್ಡಿ ಕೀಟಮುಕ್ತವಾಗಿಸಿದ ಸರಕಾಗಿ ಮಾತ್ರ. ಔಷಧಿಗಳು ಇದಕ್ಕೆ ತದ್ವಿರುದ್ಧ. ಅವು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಬೇಕು.

ಇಂಗ್ಲಿಷ್ ಬಾರದ, ಬಹಳ ದೂರ ನಡೆಯಲಾಗದ ಹಿರಿಯರಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ವೀಲ್‌ಚೇರ್ ಸೇವೆ. ಅಗತ್ಯವಿರುವವರಿಗೆ ಇದು ಉಚಿತ. ಟಿಕೆಟ್ ಕೊಳ್ಳುವಾಗ, ಅಥವಾ ಹೊರಡಲು ಎರಡು ದಿನವಾದರೂ ಇರುವಾಗ, ಕಂಪನಿಗೆ ತಿಳಿಸಬೇಕು. ವಿಮಾನದ ಬಾಗಿಲಿನಲ್ಲೇ ಸಹಾಯಕರು ಕಾದಿದ್ದು ತಪಾಸಣೆ ದಾಟಿಸಿ ಮುಂದಿನ ಗೇಟಿನವರೆಗೆ ಬಿಡುತ್ತಾರೆ. ಕುರ್ಚಿಯಲ್ಲಿ ಕೂರಲು ನಾಚುವ ತಾಯಂದಿರು ಬಹಳ. ಮೊಣಕಾಲು ನೋಯುವವರು ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ಮುಳಬಾಗಿಲಿನವರಿಗೆ ಇನ್ನೊಂದು ಅನುಕೂಲವಿದೆ: ಕೊಲ್ಲಿಯ ನಿಲ್ದಾಣಗಳಲ್ಲಿ ದುಡಿಯುವವರಲ್ಲಿ ತೆಲುಗು ಬಲ್ಲವರು ಅಲ್ಲಲ್ಲಿ ಸಿಗುತ್ತಾರೆ.

ಇಷ್ಟಾದರೂ ವಿಮಾನ ತಪ್ಪಿದರೆ ನಿಲ್ದಾಣದಿಂದ ಹೊರಗೆ ಹೋಗದೆ ಅದೇ ಕಂಪನಿಯ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ ಬೋರ್ಡಿಂಗ್ ಪಾಸ್ ತೋರಿಸಬೇಕು. ಕಂಪನಿಯ ಕಡೆಯ ತಡವಾಗಿದ್ದರೆ ಊಟ ಮತ್ತು ತಂಗುವ ವ್ಯವಸ್ಥೆಯನ್ನು ಅಲ್ಲಿಯೇ ಕೇಳಬೇಕು. ಯೂರೋಪಿನ ಒಕ್ಕೂಟದ ನಿಲ್ದಾಣದಿಂದ ಹೊರಟು, ಒಂದೇ ಬುಕಿಂಗ್‌ನ ಕೊನೆಯ ಊರನ್ನು ಮೂರು ಗಂಟೆಗೂ ಹೆಚ್ಚು ತಡವಾಗಿ ಮುಟ್ಟಿದವರಿಗೆ, ಹವಾಮಾನದಂಥ ಕೈಮೀರಿದ ಕಾರಣವಿಲ್ಲದಿದ್ದರೆ, ದೂರಕ್ಕೆ ತಕ್ಕಂತೆ 600 ಯೂರೋವರೆಗೆ ಪರಿಹಾರ ಕೊಡಬೇಕೆಂದು ಅಲ್ಲಿನ 2004ರ ಕಾನೂನು ಹೇಳುತ್ತದೆ. ಸೂಟ್‌ಕೇಸ್ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಗೇಜಿನ ಕೌಂಟರಿನಲ್ಲಿ ದೂರು ಬರೆಸಿ ಅದರ ಪ್ರತಿ ಪಡೆಯಬೇಕು. ಭಾರತವೂ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.

ಮಕ್ಕಳು ಹೊರಡುವವರ ಕೈಗೆ ಕೊಡಬೇಕಾದ ಇನ್ನೊಂದು ವಸ್ತು ಒಂದು ಹಾಳೆ. ಅದರ ಒಂದು ಮಗ್ಗುಲಲ್ಲಿ ಕನ್ನಡದಲ್ಲಿಯೂ ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿಯೂ ಎರಡು ವಿಮಾನಗಳ ಸಂಖ್ಯೆ, ಬದಲಾಯಿಸುವ ಊರು, ಅಲ್ಲಿನ ವೇಳೆ, ಪಿಎನ್‌ಆರ್, ತೆಗೆದುಕೊಳ್ಳುವ ಔಷಧಿ, ಸಸ್ಯಾಹಾರಿಯೋ ಅಲ್ಲವೋ ಎಂಬುದು, ಕೊನೆಯ ಊರಿನಲ್ಲಿ ಕಾಯುವವರ ವಿಳಾಸ ಮತ್ತು ದೇಶದ ಸಂಖ್ಯೆಯೂ ಸೇರಿದ ಫೋನ್ ನಂಬರು ದಪ್ಪಕ್ಷರದಲ್ಲಿರಬೇಕು. ಫೋನಿನ ಚಾರ್ಜ್ ಮುಗಿದರೂ, ವೈಫೈ ಸಿಗದಿದ್ದರೂ, ಕೊರಳಿಗೆ ಹಾಕಿಕೊಂಡ ಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗಿರುವ ಆ ಹಾಳೆಯನ್ನು ಸಮವಸ್ತ್ರದಲ್ಲಿರುವ ಯಾರ ಮುಂದೆ ಹಿಡಿದರೂ ಅವರು ಓದಿ, ಕೈತೋರಿಸಿ ಗೇಟಿನ ದಾರಿ ಹೇಳುತ್ತಾರೆ.